ಬಂಗುಡೆ ಪುಳಿಮುಂಚಿ: ಹುಳಿ ಹಸಿಹಸಿ, ಮೀನು ಪುಡಿಪುಡಿ

ಕೇಳಿದವರು (ಕದ್ರಿ):
ನಾವು ಮೈಸೂರಿನವರು, ಮಂಗಳೂರಿಗೆ ಬಂದು ಎಂಟು ತಿಂಗಳಾಯ್ತು. ಹೋಟೆಲ್‌ನಲ್ಲಿ ತಿಂದ ಬಂಗುಡೆ ಪುಳಿಮುಂಚಿಯನ್ನು ಮನೆಯಲ್ಲಿ ಮೂರು ಸಲ ಮಾಡಿ ನೋಡಿದೆ. ಒಮ್ಮೆ ಕಹಿ. ಒಮ್ಮೆ ಹುಳಿ ಹಸಿಹಸಿ. ಮೂರನೇ ಸಲ ಮೀನು ಒಡೆದುಹೋಗಿ ಎಲ್ಲರೂ ಮುಳ್ಳು ಹೆಕ್ಕುತ್ತಾ ಕೂತೆವು. ಎಲ್ಲಿ ತಪ್ಪುತ್ತಿದೆ?

ಮಲ್ಪೆಯಿಂದ:
ಕಹಿಗೆ ಮೆಂತೆಯೇ ಕಾರಣ ಇರಬೇಕು. ಅರ್ಧ ಕೆಜಿ ಬಂಗುಡೆಗೆ ಕಾಲು ಚಮಚ ಸಾಕು, ಹೊಂಬಣ್ಣ ಬಂದ ಕೂಡಲೇ ತೆಗೆಯಬೇಕು. ನಾನು ಮದುವೆಯಾದ ಹೊಸತರಲ್ಲಿ ಫೋನಲ್ಲಿ ಮಾತಾಡುತ್ತಾ ಅದನ್ನು ಕಪ್ಪು ಮಾಡಿದ್ದೆ. ಅತ್ತೆ ಒಂದು ಮಾತೂ ಆಡದೆ ಮಜ್ಜಿಗೆ ಅನ್ನ ಉಂಡರು. ಬೈದಿದ್ದರೇ ಚೆನ್ನಾಗಿತ್ತು!

ನನ್ನ ಅಳತೆ: ಬ್ಯಾಡಗಿ ಮೆಣಸು 15, ಖಾರಕ್ಕೆ ಗಿಡ್ಡ ಮೆಣಸು 4, ಕೊತ್ತಂಬರಿ ಒಂದು ದೊಡ್ಡ ಚಮಚ, ಜೀರಿಗೆ ಅರ್ಧ ಚಮಚ, ಏಳೆಂಟು ಕಾಳುಮೆಣಸು, ಒಂದು ಚಿಟಿಕೆ ಓಮ. ಇವನ್ನೆಲ್ಲ ನಾಲ್ಕು ಹನಿ ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಆಮೇಲೆ ಅರಿಶಿನ, ಆರು ಎಸಳು ಬೆಳ್ಳುಳ್ಳಿ, ಸಣ್ಣ ನಿಂಬೆಯಷ್ಟು ಹುಣಸೆಹುಳಿ ಸೇರಿಸಿ ಗಂಧದ ಹಾಗೆ ಅರೆಯಿರಿ. ತೆಂಗಿನಕಾಯಿ ಬೇಡ. ತುಳುವಿನಲ್ಲಿ ಪುಳಿ ಎಂದರೆ ಹುಳಿ, ಮುಂಚಿ ಎಂದರೆ ಮೆಣಸು. ಹೆಸರಲ್ಲೇ ಎಲ್ಲ ಉಂಟು. ಕಾಯಿ ಹಾಕಿದರೆ ಅದು ಗಸಿಯ, ಅಂದರೆ ಕಾಯಿ ಅರೆದ ದಪ್ಪ ಸಾರಿನ ಕಡೆಗೆ ಹೋಗುತ್ತದೆ.

ಹಸಿ ಹುಳಿಯ ಕತೆ ಹೀಗೆ: ಮಸಾಲೆ, ಮೀನು ಎರಡನ್ನೂ ಒಟ್ಟಿಗೆ ಒಲೆಗೆ ಇಟ್ಟಿರುತ್ತೀರಿ, ಅಲ್ವಾ? ಮೊದಲು ಮಸಾಲೆ, ಜಜ್ಜಿದ ಶುಂಠಿ, ಸೀಳಿದ ಹಸಿಮೆಣಸು, ಉಪ್ಪು ಮಾತ್ರ ಹಾಕಿ ಹತ್ತು ನಿಮಿಷ ಕುದಿಸಿ. ಮೂಗಿಗೆ ಹುಣಸೆಯ ಘಾಟು ಹೊಡೆಯುವುದು ನಿಂತ ಮೇಲೆಯೇ ಮೀನು. ಅಲ್ಲಿಂದ ಆರೇಳು ನಿಮಿಷ, ಅಷ್ಟೇ.

ಇನ್ನು ಸೌಟು ಮುಟ್ಟಲೇಬೇಡಿ. ಮಣ್ಣಿನ ಬಿಸಲೆಯ ಎರಡು ಬದಿಯನ್ನು ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ. ದಪ್ಪ ಕೆಂಪು ರಸ ಅಂಚಿಗೆ ಬಂದು ಮೀನಿನ ಬೆನ್ನ ಮೇಲೆ ಹಾದುಹೋಗುತ್ತದೆ, ಮೀನು ಇದ್ದಲ್ಲೇ ಇರುತ್ತದೆ. ಇಳಿಸಿದ ಮೇಲೆ ಒಂದು ಚಮಚ ಹಸಿ ತೆಂಗಿನೆಣ್ಣೆ. ರಾತ್ರಿ ಮಾಡಿ, ಮರುದಿನ ಬೆಳಿಗ್ಗೆ ನೀರುದೋಸೆಗೆ ತಿನ್ನಿ.

ಸುರತ್ಕಲ್‌ನಿಂದ:
ಅಕ್ಕ ಹೇಳಿದ 'ಗಂಧದ ಹಾಗೆ' ನಮ್ಮ ರೂಮಿನ ಮಿಕ್ಸಿಯಲ್ಲಿ ಆಗುವುದೇ ಇಲ್ಲ ಮಾರಾಯ್ರೆ. ಹುರಿದ ಮೆಣಸನ್ನೂ ಹುಣಸೆಯನ್ನೂ ಬಿಸಿನೀರಲ್ಲಿ ಕಾಲು ಗಂಟೆ ನೆನೆಸಿ ಅರೆದರೆ ಪರವಾಗಿಲ್ಲ. ಮಿಕ್ಸಿ ತೊಳೆದ ನೀರು ಚೆಲ್ಲಬೇಡಿ, ಸಾರಿಗೆ ಅದೇ ಸಾಕು.

ಕಾರ್‌ಸ್ಟ್ರೀಟ್‌ನಿಂದ:
ನೀವು ಕೇಳಿದ್ದು ಇದಲ್ಲ, ಆದರೂ ಹೇಳುತ್ತೇನೆ. ನಮ್ಮ ಕೊಂಕಣಿ ಮನೆಯಲ್ಲಿ ಬಂಗುಡೆಗೆ ತೆಪ್ಪಳ (ಕಾಳುಮೆಣಸಿನ ಹಾಗಿರುವ ಒಂದು ಮಸಾಲೆಕಾಯಿ) ಹಾಕುತ್ತೇವೆ. ಕಾಯಿ, ಮೆಣಸು, ಹುಣಸೆ ಅರೆದು, ಜಜ್ಜಿದ ತೆಪ್ಪಳ ಸೇರಿಸಿ ಕುದಿಸುವುದು. ಈರುಳ್ಳಿ, ಬೆಳ್ಳುಳ್ಳಿ ಎರಡೂ ಇಲ್ಲ. ನಾಲಿಗೆ ಸ್ವಲ್ಪ ಜುಮ್ಮೆನ್ನುತ್ತದೆ. ಪುಳಿಮುಂಚಿ ಕೈಗೆ ಕೂತ ಮೇಲೆ ಇದನ್ನೂ ಮಾಡಿ. ಎರಡನ್ನೂ ಬೆರೆಸುವ ಸಾಹಸ ಮಾತ್ರ ಬೇಡ.

ಉಳ್ಳಾಲದಿಂದ:
ಮೀನು ಒಡೆಯುವುದು ಬರೀ ಸೌಟಿನಿಂದಲ್ಲ, ಹಳೇ ಮೀನಾದರೂ ಒಡೆಯುತ್ತದೆ. ಕಣ್ಣು ಹೊಳೆಯಬೇಕು, ಕಿವಿರು ಕೆಂಪಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ಐಸಿನಲ್ಲಿ ದೂರದಿಂದ ಬಂದದ್ದೇ ಜಾಸ್ತಿ, ಇನ್ನೂ ಹುಷಾರಾಗಿ ನೋಡಿ. ಐಸಿಲ್ಲದೆ ಬಿಸಿಲಲ್ಲಿ ಕೂತ ಬಂಗುಡೆಯಲ್ಲಿ ಹಿಸ್ಟಮೈನ್ ಎಂಬ ರಾಸಾಯನಿಕ ಹೆಚ್ಚುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ ತುರಿಕೆ ಬರಬಹುದು. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ನನಗೆ ಒಮ್ಮೆ ಆಗಿದೆ, ಬಂಗುಡೆಯೇ ಆಗುವುದಿಲ್ಲ ಅಂದುಕೊಂಡು ಎರಡು ವರ್ಷ ಸುಮ್ನೆ ಬಿಟ್ಟಿದ್ದೆ.

ಕೇಳಿದವರು:
ಮೆಂತೆ ಚಮಚ ತುಂಬಾ ಹಾಕಿದ್ದೆ, ಸಿಕ್ಕಿಬಿದ್ದೆ! ಇವತ್ತು ಸಂಜೆ ಬಿಸಲೆ ತಂದೆ. ಈಗಲೇ ಒಲೆಗೆ ಇಡಬಹುದಾ?

ಮಲ್ಪೆಯಿಂದ:
ಅಯ್ಯೋ, ಬೇಡ. ಇವತ್ತು ರಾತ್ರಿ ಪೂರ್ತಿ ನೀರಲ್ಲಿ ಮುಳುಗಿಸಿಡಿ. ನಾಳೆಯಿಂದ ಎರಡು ಮೂರು ದಿನ ಗಂಜಿ ತಿಳಿ ಹಾಕಿ ಕುದಿಸಿ ಚೆಲ್ಲಿ. ಆಮೇಲೆ ಮೀನು. ತೊಳೆಯಲು ಸೋಪು ಬೇಡ, ಮಣ್ಣು ಕುಡಿದುಬಿಡುತ್ತದೆ. ಬಿಸಿನೀರು, ತೆಂಗಿನ ನಾರು ಸಾಕು.