ಪದ ಬೇಕು (ಅರ್ಜೆಂಟ್): ಫುಟ್‌ಬಾಲ್ ಲೀಗಿನ ‘ಸೀಸನ್’ ಮತ್ತು ‘ಶೀಲ್ಡ್’

ವಾಸ್ಕೋದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ಮಕ್ಕಳ ಫುಟ್‌ಬಾಲ್ ಪಂದ್ಯಾವಳಿಗೆ ಕನ್ನಡದಲ್ಲಿ ಒಂದು ದೊಡ್ಡ ಫ್ಲೆಕ್ಸ್ ಮಾಡಿಸುತ್ತಿದ್ದೇವೆ. ವಿಷಯ 2020-21ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್). ಕೋವಿಡ್‌ನಿಂದಾಗಿ ಆ ಸಲ ಇಡೀ ಲೀಗ್ ಗೋವಾದಲ್ಲೇ ನಡೆಯಿತಲ್ಲ, ನಮ್ಮ ತಿಲಕ್ ಮೈದಾನದಲ್ಲೂ ಆಡಿದರು. ಮೈದಾನ ಇಷ್ಟು ಹತ್ತಿರವಿದ್ದೂ ಟಿವಿಯಲ್ಲೇ ನೋಡಬೇಕಾಯಿತು, ಅದು ಬೇರೆ ಮಾತು. ಫ್ಲೆಕ್ಸ್ ಅಂಗಡಿಯವರು ನಾಳೆ ಬೆಳಗ್ಗೆಯೇ ಫೈಲ್ ಕೇಳಿದ್ದಾರೆ. ಎರಡು ಸಾಲು ಮಾತ್ರ ಬಾಕಿ:

“ಈ ಸೀಸನ್‌ನಲ್ಲಿ 11 ತಂಡಗಳು ಆಡಿದವು. ಒಟ್ಟು 115 ಪಂದ್ಯ. ಎಲ್ಲವೂ ಫತೋರ್ಡಾ, ಬಾಂಬೋಲಿಂ, ವಾಸ್ಕೋ ಮೈದಾನಗಳಲ್ಲಿ, ಪ್ರೇಕ್ಷಕರಿಲ್ಲದೆ.”

“ಮುಂಬೈ ಸಿಟಿ ತಂಡ ಲೀಗ್ ವಿನ್ನರ್ಸ್ ಶೀಲ್ಡ್ ಮತ್ತು ಕಪ್ ಎರಡನ್ನೂ ಗೆದ್ದಿತು.”

ಸೀಸನ್‌ಗೆ ಏನು ಹಾಕಲಿ? ಮೊದಲು ‘ಋತು’ ಅಂತ ಹಾಕಿದ್ದೆ. ನಮ್ಮ ಹುಡುಗಿಯರ ತಂಡದವರು ಓದಿ ಮುಸಿಮುಸಿ ನಕ್ಕರು. ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಶೀಲ್ಡ್‌ಗೂ ಏನಾದರೂ ಹೇಳಿ. ಓದುವವರಲ್ಲಿ ಜಾಸ್ತಿ ಜನ ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಮನೆಗಳ ಮಕ್ಕಳು. ಹೋಟೆಲ್ ನಡೆಸುವ ಕರಾವಳಿಯವರೂ ಬರುತ್ತಾರೆ.

ಪುಣೆಯಿಂದ:

ಋತು ಬೇಡ. ಆವೃತ್ತಿಯೂ ಬೇಡ. ಎರಡೂ ಸಂಸ್ಕೃತ. ಮಳೆಗಾಲ, ಚಳಿಗಾಲ ಅನ್ನುವ ಬಾಯಿಗೆ ‘ಆಟಗಾಲ’ ಅನ್ನಲು ಏನು ಅಡ್ಡಿ? ಆದೇಶ ಸಂಧಿ ತಾನಾಗಿ ಕೂರುತ್ತದೆ. “2020-21ರ ಆಟಗಾಲದಲ್ಲಿ”. ಮುಗಿಯಿತು.

ಇನ್ನೊಂದು ಮಾತು. ಇಂಗ್ಲಿಷಿನ ಸೀಸನ್ ಹುಟ್ಟಿದ್ದು ಬಿತ್ತನೆ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಬಿತ್ತುವ ಹೊತ್ತು ಹೋಗಿ ಯಾವುದಕ್ಕಾದರೂ ತಕ್ಕ ಹೊತ್ತು ಎಂದಾಯಿತು. ಅವರು ಹೊಲದ ಪದವನ್ನು ಆಟದ ಬಯಲಿಗೆ ತಂದರು. ನಾವೂ ಹೊಲಕ್ಕೇ ಹೋಗಬೇಕು. ಹಾಗೇ ಫುಟ್‌ಬಾಲ್ ಎಂದು ಬರೆಯುವುದನ್ನೂ ಬಿಡಿ. ಕಾಲ್ಚೆಂಡು ಇದೆ.

ಡೊಂಬಿವಲಿಯಿಂದ:

ಪುಣೆ ರಾಯರು ಆವೃತ್ತಿಯನ್ನು ಒಂದೇ ಏಟಿಗೆ ಹೊರಗೆ ಹಾಕಿದರು. ಪತ್ರಿಕೆಯ ಕ್ರೀಡಾ ಪುಟದಲ್ಲಿ ಕೆಲಸ ಮಾಡಿದವನಾಗಿ ಸ್ವಲ್ಪ ಹೇಳುತ್ತೇನೆ.

ಆವೃತ್ತಿ ಬಂದದ್ದು ಪುಸ್ತಕದಿಂದ. ಮೊದಲ ಆವೃತ್ತಿ, ಎರಡನೇ ಆವೃತ್ತಿ. ಎಣಿಸುವಾಗ ಚೆನ್ನಾಗಿ ಒಗ್ಗುತ್ತದೆ. ಐಎಸ್‌ಎಲ್ 2014ರಲ್ಲಿ ಶುರುವಾಯಿತು, ಹಾಗಾಗಿ 2020-21ರದ್ದು ಏಳನೇ ಆವೃತ್ತಿ. ಇಲ್ಲಿ ತಕರಾರಿಲ್ಲ. ಆದರೆ ಅದಕ್ಕೆ ಅಗಲ ಇಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹರಡಿಕೊಂಡ ಕಾಲ ಅದರಲ್ಲಿ ಕಾಣುವುದಿಲ್ಲ. ಬೆಂಗಳೂರು ಎಫ್‌ಸಿ ಆ ಸಲ 2021ರ ಜನವರಿಯಲ್ಲಿ ಕೋಚ್ ಕಾರ್ಲೆಸ್ ಕ್ವಾಡ್ರಾಟ್ ಅವರಿಂದ ಬೇರೆಯಾಯಿತು. ಇದನ್ನು “ಆವೃತ್ತಿಯ ನಡುವೆ ಕೋಚ್ ಬದಲು” ಅಂತ ಬರೆದು ನೋಡಿ. ಎರಡು ಆವೃತ್ತಿಗಳ ಮಧ್ಯೆ ಬದಲಾದ ಹಾಗೆ ಕೇಳುತ್ತದೆ. ಆದ್ದರಿಂದ ತಲೆಬರಹಕ್ಕೆ ಆವೃತ್ತಿ, ಒಳಗೆ ಸೀಸನ್. ಪುಟ ಕಟ್ಟುವವರೆಲ್ಲ ಮಾಡುವುದು ಇದನ್ನೇ.

ಆಟಗಾಲ ಕೇಳಲು ಚೆಂದ. ಯಾರೂ ಅನ್ನುವುದಿಲ್ಲ, ಅಷ್ಟೇ.

ಮಡಗಾಂವ್‌ನಿಂದ:

ಹೊಲದ ಪದ ಬೇಕು ಅಂದಿರಲ್ಲ ಪುಣೆ ಸರ್, ಹೊಲದಲ್ಲೇ ಇದೆ, ತಗೊಳ್ಳಿ: ಹಂಗಾಮು.

ಮುಂಗಾರು ಹಂಗಾಮು, ಹಿಂಗಾರು ಹಂಗಾಮು, ಕಬ್ಬು ನುರಿಸುವ ಹಂಗಾಮು. ನಮ್ಮ ಕಡೆ ಇದನ್ನು ಕೇಳದೆ ಬೆಳೆದ ಮಗು ಇಲ್ಲ. ಶುರು ಇದೆ, ಕೊನೆ ಇದೆ, ನಡುವೆ ಏರಿಳಿತ ಇದೆ. ಸಕ್ಕರೆ ಕಾರ್ಖಾನೆ ಹಂಗಾಮು ಶುರುವಾದ ಮೇಲೆ ಯಾರ ಕಬ್ಬು ಎಷ್ಟು ಟನ್ ಹೋಯಿತು ಅಂತ ದಿನವೂ ಲೆಕ್ಕ ಇಡುತ್ತಾರೆ, ಪಾಯಿಂಟ್ ಪಟ್ಟಿಯ ಹಾಗೆ. ಮರಾಠಿ ಪತ್ರಿಕೆಗಳು ಐಪಿಎಲ್‌ಗೂ ಫುಟ್‌ಬಾಲ್‌ಗೂ ‘ಹಂಗಾಮ’ ಅಂತಲೇ ಬರೆಯುತ್ತವೆ. ಗೋವಾದಲ್ಲಿ, ಪುಣೆಯಲ್ಲಿ ಇರುವ ನಮಗೆ ಅದು ಕಣ್ಣಿಗೆ ಬಿದ್ದದ್ದೇ. ಅಕ್ಕಾರೇ, ನಿಮ್ಮ ಮಕ್ಕಳಿಗೆ ಸೀದಾ ತಿಳಿಯುತ್ತದೆ. “2020-21ರ ಹಂಗಾಮಿನಲ್ಲಿ” ಅಂತ ಹಾಕಿ.

ಮಾಟುಂಗಾದಿಂದ:

ಕರಾವಳಿಯವರಿಗೆ ಹಂಗಾಮು ಅಂದರೆ ಹಂಗಾಮಿ ನೆನಪಾಗುತ್ತದೆ. ಹಂಗಾಮಿ ಅಧ್ಯಕ್ಷ, ಹಂಗಾಮಿ ನೌಕರ. ಲೀಗ್ ತಾತ್ಕಾಲಿಕ ಅಂತ ಓದಿಕೊಂಡರೆ? ಇಲ್ಲಿಯ ಮಕ್ಕಳಿಗಂತೂ ಹಿಂದಿಯ ಹಂಗಾಮಾ ಅನ್ನಿಸಿ ಮೈದಾನದಲ್ಲಿ ಗಲಾಟೆ ಆಯಿತು ಅಂದುಕೊಳ್ಳುತ್ತಾರೆ.

ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ಪದ ಇದೆ: ತಿರುಗಾಟ. ಯಕ್ಷಗಾನ ಮೇಳಗಳು ಮಳೆ ನಿಂತ ಮೇಲೆ ಹೊರಡುತ್ತವೆ, ಪತ್ತನಾಜೆಗೆ (ತುಳುವರ ಬೇಸ ತಿಂಗಳ ಹತ್ತನೇ ದಿನ) ಗೆಜ್ಜೆ ಬಿಚ್ಚುತ್ತವೆ. ಆ ಅವಧಿಯೇ ಒಂದು ತಿರುಗಾಟ. “ಈ ತಿರುಗಾಟದಲ್ಲಿ ಅವರು ಯಾವ ಮೇಳ?” ಅಂತ ಕೇಳುತ್ತೇವೆ. ಕಲಾವಿದರು ಮೇಳ ಬದಲಿಸುವುದೂ ತಿರುಗಾಟ ಮುಗಿದ ಮೇಲೆಯೇ. ಲೀಗಿನಲ್ಲೂ ತಂಡ ಊರಿಂದ ಊರಿಗೆ ಹೋಗುತ್ತದೆ, ಮುಗಿದ ಮೇಲೆ ಆಟಗಾರರು ತಂಡ ಬದಲಿಸುತ್ತಾರೆ. ಗೋವಾದ ಕೋಚ್ ಆಗಿದ್ದ ಸೆರ್ಜಿಯೋ ಲೊಬೆರಾ ಆ ಸಲ ಮುಂಬೈ ಸಿಟಿಗೆ ಬಂದರು. ಅಹ್ಮದ್ ಜಾಹು, ಹ್ಯೂಗೋ ಬೂಮಸ್, ಮೊರ್ತಾದಾ ಫಾಲ್, ಮಂದಾರ್ ರಾವ್ ದೇಸಾಯಿ ಕೂಡ ಅಲ್ಲಿಂದಲೇ ಬಂದರು. ಭಾಗವತರ ಹಿಂದೆ ಅರ್ಧ ಹಿಮ್ಮೇಳ ಮುಮ್ಮೇಳವೇ ಬಂತು ಅನ್ನಿ. ತಿರುಗಾಟ ಅಂದರೆ ಸೀಸನ್‌ಗಿಂತ ಜಾಸ್ತಿಯೇ ಹೇಳುತ್ತದೆ.

ವಾಸ್ಕೋದಿಂದ:

ಮಾಟುಂಗಾದ ಅಣ್ಣ, ಪದ ತುಂಬಾ ಹಿಡಿಸಿತು. ಆದರೆ ನನ್ನ ಫ್ಲೆಕ್ಸ್ ಇರುವುದೇ ಯಾರೂ ಎಲ್ಲೂ ತಿರುಗದ ವರ್ಷದ ಬಗ್ಗೆ. ತಂಡಗಳೆಲ್ಲ ಹೋಟೆಲಿಂದ ಮೈದಾನ, ಮೈದಾನದಿಂದ ಹೋಟೆಲು. “ತಿರುಗಾಟದಲ್ಲಿ ಎಲ್ಲ ಪಂದ್ಯಗಳೂ ಒಂದೇ ರಾಜ್ಯದಲ್ಲಿ” ಅಂತ ಬರೆದರೆ ಜನ ನನ್ನನ್ನೇ ನೋಡಿ ನಗುತ್ತಾರೆ. ಮೊದಲೇ ‘ತವರು ಪಂದ್ಯ’ ಅನ್ನುವ ಸಾಲನ್ನು ತೆಗೆದು ಹಾಕಿದ್ದೇನೆ. ಬೆಂಗಳೂರಿಗೆ ಫತೋರ್ಡಾ ತವರು ಅಂತ ಹೇಗೆ ಬರೆಯಲಿ?

ಶೀಲ್ಡ್ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಪುಣೆಯಿಂದ:

ಹಂಗಾಮು ಪಾರಸಿ. ಮರಾಠಿ ಮೂಲಕ ಒಳಗೆ ಬಂದದ್ದು. ಹೊಲದಲ್ಲಿ ಬೆಳೆದದ್ದೆಲ್ಲ ಬೆಳೆಯಲ್ಲ, ಕಳೆಯೂ ಇರುತ್ತದೆ. ಇಂಗ್ಲಿಷ್ ಬೇಡ ಅಂತ ಹೊರಟು ಪಾರಸಿ ತರುವುದಾದರೆ ಸುಮ್ನೆ ಸೀಸನ್ ಅಂತಲೇ ಬಿಡಿ. ತಿರುಗಾಟ ಅಚ್ಚಗನ್ನಡ, ಒಪ್ಪುತ್ತೇನೆ, ಆದರೆ ಅರ್ಥ ಬೇರೆ. ಆಟಗಾಲವೇ ಸರಿ.

ಡೊಂಬಿವಲಿಯಿಂದ:

‘ಕಾಲ’ ಎಲ್ಲಿಯದು ರಾಯರೇ? ನಿಮ್ಮ ಪದದಲ್ಲೇ ಅರ್ಧ ಸಂಸ್ಕೃತ ಇದೆ.

ಪುಣೆಯಿಂದ:

ಗಾಲ ಆಗಿದೆಯಲ್ಲ. ನಮ್ಮ ಸಂಧಿಗೆ ಬಗ್ಗಿದ ಮೇಲೆ ಅದು ನಮ್ಮದು.

ಮಡಗಾಂವ್‌ನಿಂದ:

ಹಾಗಾದರೆ ಹಂಗಾಮ್ ಅನ್ನುವುದು ಉಕಾರ ಹಚ್ಚಿಕೊಂಡು ಹಂಗಾಮು ಆಗಿದೆ. ಹಂಗಾಮಿಗೆ, ಹಂಗಾಮಿನ, ಹಂಗಾಮಿನಲ್ಲಿ ಅಂತ ನಮ್ಮ ವಿಭಕ್ತಿಗೆ ಬಗ್ಗಿ ನಡೆಯುತ್ತಿದೆ. ಇದು ಯಾಕೆ ನಮ್ಮದಲ್ಲ? ಕಾಲಕ್ಕೆ ಒಂದು ನ್ಯಾಯ, ಹಂಗಾಮಿಗೆ ಒಂದು ನ್ಯಾಯವೇ? ನಮ್ಮ ರೈತರ ಬಾಯಲ್ಲಿರುವ ಪದವನ್ನು ಕಳೆ ಅಂದಿರಿ, ಅದು ಸರಿ ಬರಲಿಲ್ಲ ಸರ್. ಬೆಂಗಳೂರು, ಮೈಸೂರು ಕಡೆ ಇಲ್ಲದ ಪದವೆಲ್ಲ ಹೊರಗಿನದು ಅನ್ನುವ ಚಾಳಿ ಇದು. ‘ಮೈದಾನ’ವೂ ಪಾರಸಿಯಿಂದ ಬಂದದ್ದೇ. ತಿಲಕ್ ಮೈದಾನಕ್ಕೆ ತಿಲಕ್ ಬಯಲು ಅಂತ ಬೋರ್ಡ್ ಹಾಕಿಸುತ್ತೀರಾ?

ಪುಣೆಯಿಂದ:

ಬಯಲು ಅನ್ನಬಹುದು. ಯಾಕೆ ಅನ್ನಬಾರದು? ನಾಚಿಕೆಯಾ?

ಮುಲುಂಡ್‌ನಿಂದ:

ಪುಣೆಯ ಬಾಲೆವಾಡಿ ಬಯಲಿನ ಎಫ್‌ಸಿ ಪುಣೆ ಸಿಟಿ ತಂಡವೇ 2019ರಲ್ಲಿ ಇಲ್ಲವಾಗಿ ಆ ಜಾಗಕ್ಕೆ ಹೈದರಾಬಾದ್ ಬಂತು. ಪುಣೆಯವರಿಗೆ ಈಗ ಬಯಲೂ ಒಂದೇ, ಮೈದಾನವೂ ಒಂದೇ. ಇರಲಿ, ಆ ತಾಯಿ ಆಗಿನಿಂದ ಶೀಲ್ಡ್ ಕೇಳುತ್ತಿದ್ದಾರೆ. ಅದಕ್ಕೆ ಬರುತ್ತೇನೆ.

ಮೊದಲು ಒಂದು ಎಚ್ಚರಿಕೆ. ಶೀಲ್ಡ್ ಗೆದ್ದವರಿಗೂ ಕಪ್ ಗೆದ್ದವರಿಗೂ ‘ಚಾಂಪಿಯನ್’ ಅಂತ ಹಾಕಬೇಡಿ. ಆಗ ಲೀಗ್ ಹಂತದ ಪಾಯಿಂಟ್ ಪಟ್ಟಿಯಲ್ಲಿ ಮೊದಲು ಬಂದವರಿಗೆ ಶೀಲ್ಡ್. ಆಮೇಲೆ ಸೆಮಿಫೈನಲ್, ಫೈನಲ್ ಆಡಿ ಗೆದ್ದವರಿಗೆ ಕಪ್. ಆಗಿನ ಐಎಸ್‌ಎಲ್ ಲೆಕ್ಕದಲ್ಲಿ ಚಾಂಪಿಯನ್ ಅಂದರೆ ಕಪ್ ಗೆದ್ದವರು. ಶೀಲ್ಡ್ ಶುರುವಾದದ್ದು 2019-20ರಲ್ಲಿ. ಮೊದಲು ಗೆದ್ದದ್ದು ಎಫ್‌ಸಿ ಗೋವಾ. ಕಪ್ ಮಾತ್ರ ಕೋಲ್ಕತ್ತದ ಎಟಿಕೆ ಪಾಲಾಯಿತು. ಆ ಶೀಲ್ಡ್‌ನಿಂದಲೇ ಗೋವಾಕ್ಕೆ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಚಾಂಪಿಯನ್ಸ್ ಲೀಗಿನ ಗುಂಪು ಹಂತದಲ್ಲಿ ಜಾಗ ಸಿಕ್ಕಿತು. ಭಾರತದ ಬೇರೆ ಯಾವ ಕ್ಲಬ್‌ಗೂ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ. ಗೋವಾದ ಗೋಡೆಯ ಮೇಲೆ ಶೀಲ್ಡ್ ಅನ್ನು ಸಮಾಧಾನದ ಬಹುಮಾನದಂತೆ ಬರೆದರೆ ಬೈಸಿಕೊಳ್ಳುತ್ತೀರಿ.

ನಿಮ್ಮ ವರ್ಷದ್ದಂತೂ ಇನ್ನೂ ಸೊಗಸು. 20 ಪಂದ್ಯಗಳ ಕೊನೆಗೆ ಮುಂಬೈ ಸಿಟಿಗೂ 40 ಪಾಯಿಂಟ್, ಎಟಿಕೆ ಮೋಹನ್ ಬಾಗಾನ್‌ಗೂ 40. 2021ರ ಫೆಬ್ರವರಿ 28ರಂದು ಬಾಂಬೋಲಿಂನಲ್ಲಿ ಕೊನೆಯ ಲೀಗ್ ಪಂದ್ಯ ಇವರಿಬ್ಬರ ನಡುವೆಯೇ. ಮುಂಬೈ 2-0 ಗೆದ್ದಿತು. ಇಬ್ಬರ ನಡುವಿನ ಪಂದ್ಯಗಳ ಲೆಕ್ಕ ಹಿಡಿದು ಶೀಲ್ಡ್ ಅವರಿಗೆ ಹೋಯಿತು. ಮಾರ್ಚ್ 13ರಂದು ಫತೋರ್ಡಾದಲ್ಲಿ ಫೈನಲ್. ಮತ್ತೆ ಅವೇ ಎರಡು ತಂಡ. 90ನೇ ನಿಮಿಷದಲ್ಲಿ ಬಿಪಿನ್ ಸಿಂಗ್ ಗೋಲು, 2-1, ಕಪ್ಪೂ ಮುಂಬೈಗೆ. ನಾನು ಮುಂಬೈಯವನಾದ್ದರಿಂದ ಸ್ವಲ್ಪ ಉದ್ದವಾಯಿತು.

ಈಗ ಪದ. ಗುರಾಣಿ ಅನ್ನಬೇಡಿ, ಯುದ್ಧಕ್ಕೆ ಹೊರಟ ಹಾಗಿರುತ್ತದೆ. ನಮ್ಮೂರ ಶಾಲೆಗಳಲ್ಲಿ ವರ್ಷಕ್ಕೊಂದು ಶಾಲೆಗೆ ಹೋಗುವ ರೋಲಿಂಗ್ ಶೀಲ್ಡ್‌ಗೆ ಪರ್ಯಾಯ ಫಲಕ ಅನ್ನುತ್ತಾರೆ. ಸಂಸ್ಕೃತದಲ್ಲಿ ಫಲಕ ಅಂದರೆ ಹಲಗೆಯೂ ಹೌದು, ಗುರಾಣಿಯೂ ಹೌದು. ಇದಕ್ಕಿಂತ ಸರಿಯಾದ ಜೋಡಿ ಸಿಗುವುದಿಲ್ಲ. “ಲೀಗ್ ಫಲಕ” ಹಾಕಿ.

ವಾಸ್ಕೋದಿಂದ:

ನಮ್ಮಲ್ಲಿ ಫಲಕ ಅಂದರೆ ಬೋರ್ಡು. ಫ್ಲೆಕ್ಸನ್ನೇ ಸಂಘದವರು ನಾಮಫಲಕ ಅನ್ನುತ್ತಿದ್ದಾರೆ. “ಮುಂಬೈ ಲೀಗ್ ಫಲಕ ಗೆದ್ದಿತು” ಅಂದರೆ ಬೋರ್ಡ್ ಹೊತ್ತುಕೊಂಡು ಹೋದರು ಅಂದುಕೊಳ್ಳುತ್ತಾರೆ.

ಮಾಟುಂಗಾದಿಂದ:

ಶೀಲ್ಡ್ ಅಂತಲೇ ಇರಲಿ. ಮೋಹನ್ ಬಾಗಾನ್ 1911ರಲ್ಲಿ ಬ್ರಿಟಿಷ್ ಸೈನ್ಯದ ತಂಡವನ್ನು ಸೋಲಿಸಿ ಗೆದ್ದದ್ದು ಐಎಫ್‌ಎ ಶೀಲ್ಡ್. ಯಾರೂ ಅದನ್ನು ಐಎಫ್‌ಎ ಗುರಾಣಿ ಅಂದಿಲ್ಲ. ಮುಂಬೈಯ ಕೂಪರೇಜ್ ಮೈದಾನದಲ್ಲಿ ಆಡುತ್ತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದಿತು. ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರಿನದು. ಅದನ್ನು ಬಟ್ಟಲು ಅಂದವರೂ ಇಲ್ಲ. ಬಹುಮಾನಗಳ ಹೆಸರು ಅಂಕಿತನಾಮ. ಅದನ್ನು ಅನುವಾದಿಸುವುದು ಮನುಷ್ಯರ ಹೆಸರನ್ನು ಅನುವಾದಿಸಿದಂತೆ.

ಪುಣೆಯಿಂದ:

ಲೀಗ್ ಇಂಗ್ಲಿಷ್, ಶೀಲ್ಡ್ ಇಂಗ್ಲಿಷ್, ಕಪ್ ಇಂಗ್ಲಿಷ್, ಹಂಗಾಮು ಪಾರಸಿ. “ಗೆದ್ದಿತು” ಒಂದು ಕನ್ನಡ ಉಳಿಯಿತು. ಅದನ್ನಾದರೂ ಕಾಪಾಡಿಕೊಳ್ಳಿ.

ಮಡಗಾಂವ್‌ನಿಂದ:

ಕ್ರಿಯಾಪದ ಇದ್ದರೆ ಸಾಕು ಸರ್. ಕನ್ನಡ ನಿಂತಿರುವುದೇ ಅಲ್ಲಿ.

ಡೊಂಬಿವಲಿಯಿಂದ:

ಹಂಗಾಮಿನ ವಿಷಯಕ್ಕೆ ಒಂದು ಸಾಕ್ಷಿ ಸೇರಿಸಿ. ಕ್ವಾಡ್ರಾಟ್ ಹೋದ ಮೇಲೆ ಬೆಂಗಳೂರಿನ ಹೊಣೆ ಹೊತ್ತವರು ನೌಶಾದ್ ಮೂಸಾ. ಅದೇ ತಿಂಗಳು ನಾರ್ತ್ಈಸ್ಟ್ ಯುನೈಟೆಡ್ ಕೂಡ ಕೋಚನ್ನು ಬಿಟ್ಟು ಖಾಲಿದ್ ಜಮೀಲ್ ಅವರನ್ನು ಕೂರಿಸಿತು. ಅವರು ತಂಡವನ್ನು ಸೆಮಿಫೈನಲ್‌ವರೆಗೆ ಒಯ್ದರು. ಕನ್ನಡದಲ್ಲಿ ಇಬ್ಬರೂ ‘ಹಂಗಾಮಿ ಕೋಚ್’. ಹಂಗಾಮಿ ಅಂದರೆ ಆ ಹಂಗಾಮಿನ ಮಟ್ಟಿಗೆ ಇರುವವನು ಅಂತಲೇ ಮೂಲ ಅರ್ಥ. ಹಾಗಾಗಿ ಮಾಟುಂಗಾದವರ ಆಕ್ಷೇಪಣೆ ತಿರುಗಿ ಹಂಗಾಮಿನ ಪರವೇ ವಾದಿಸುತ್ತದೆ. ಈಗಲೂ ನಾನು ಸೀಸನ್ ಅಂತಲೇ ಬರೆಯುವವನು. ಆದರೆ ಆ ಮಕ್ಕಳಿಗೆ ಹಂಗಾಮು ಸರಿ.

ಮಾಟುಂಗಾದಿಂದ:

ವಾದ ಚೆನ್ನಾಗಿದೆ. ನಮ್ಮ ಹೋಟೆಲಿನವರು ಓದುವಾಗ ನೀವು ಪಕ್ಕದಲ್ಲಿ ನಿಂತು ವಿವರಿಸಿ.

ವಾಸ್ಕೋದಿಂದ:

ಫೈಲ್ ಕಳಿಸಿಬಿಟ್ಟೆ. ತಲೆಬರಹ: “ಗೋವಾದಲ್ಲೇ ನಡೆದ ಹಂಗಾಮು: ಐಎಸ್‌ಎಲ್ ಏಳನೇ ಆವೃತ್ತಿ, 2020-21”. ಎರಡೂ ಬಂತು. ಶೀಲ್ಡ್ ಶೀಲ್ಡ್ ಆಗಿಯೇ ಉಳಿಯಿತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ “ಲೀಗ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಕೊಡುವ ಬಹುಮಾನ” ಅಂತ ಹಾಕಿದ್ದೇನೆ. ಫುಟ್‌ಬಾಲ್ ಅನ್ನು ಮುಟ್ಟಿಲ್ಲ, ಪುಣೆ ಸರ್ ಬೇಜಾರು ಮಾಡಿಕೊಳ್ಳಬಾರದು.

ಒಂದೇ ಒಂದು ಸಾಲು ತಿದ್ದಲು ಮಧ್ಯಾಹ್ನದವರೆಗೆ ಅವಕಾಶ ಕೊಟ್ಟಿದ್ದಾರೆ. ಫೈನಲ್‌ನಲ್ಲಿ ಮುಂಬೈಯ ಮೊದಲ ಗೋಲು ಎದುರಾಳಿ ತಂಡದ ಟಿರಿ ಅವರ ತಲೆಗೆ ತಾಗಿ ಅವರದ್ದೇ ಬಲೆಗೆ ಹೋದದ್ದು. ಪತ್ರಿಕೆಗಳಲ್ಲಿ ‘ಉಡುಗೊರೆ ಗೋಲು’ ಅಂತ ನೋಡಿದ ನೆನಪು. ಹಾಗೇ ಹಾಕಲಾ?

ಡೊಂಬಿವಲಿಯಿಂದ:

ಹಾಕಿ. ಕ್ರೀಡಾ ಪುಟದಲ್ಲಿ ಬಳಕೆಯಲ್ಲಿದೆ.

ಪುಣೆಯಿಂದ:

ಉಡುಗೊರೆ ಬೇಕೆಂದೇ ಕೊಡುವುದು. ಚೆಂಡು ತಪ್ಪಿಸಲು ಹೋದವನು ಯಾರಿಗೂ ಏನೂ ಕೊಟ್ಟಿಲ್ಲ. ತನ್ನ ಬಲೆಗೆ ತಾನೇ ಹೊಡೆದದ್ದು ‘ತನ್‌ಗೋಲು’.

ಮುಲುಂಡ್‌ನಿಂದ:

ಗೋಲು ಬಿಟ್ಟಿರಲ್ಲ ರಾಯರೇ, ಅದೂ ಇಂಗ್ಲಿಷೇ.