ರೇಡಿಯಲ್ ಶಾಕ್‌ವೇವ್ ಯಂತ್ರ: ಪರದೆಯಲ್ಲಿ 3 ಬಾರ್ ಇದೆ, ಹೊಡೆತದಲ್ಲಿ ಬಲವಿಲ್ಲ

ಪ್ರಶ್ನೆ: ಫಿಸಿಯೋಥೆರಪಿಸ್ಟ್, ಕಲಬುರಗಿ

ಸೇಡಂ ರಸ್ತೆಯ ಬದಿಯಲ್ಲಿ ಒಂದು ಚಿಕ್ಕ ಫಿಸಿಯೋಥೆರಪಿ ಕೇಂದ್ರ ನಡೆಸುತ್ತಿದ್ದೇನೆ. ಪ್ರತ್ಯೇಕ ಕಂಪ್ರೆಸರ್‌ನಿಂದ ಗಾಳಿ ಪಡೆದು ನೋವಿನ ಜಾಗಕ್ಕೆ ಹೊಡೆತ ಕೊಡುವ ರೇಡಿಯಲ್ ಶಾಕ್‌ವೇವ್ ಯಂತ್ರವನ್ನು ಹದಿನಾಲ್ಕು ತಿಂಗಳ ಹಿಂದೆ ಕೊಂಡಿದ್ದೆ. ಹಿಮ್ಮಡಿ ನೋವು, ಮೊಣಕೈಯ ಹೊರಬದಿಯ ನೋವು ಮತ್ತು ಭುಜದ ಸ್ನಾಯುರಜ್ಜುವಿನಲ್ಲಿ ಸುಣ್ಣ ಕಟ್ಟಿದವರಿಗೆ ವಾರಕ್ಕೊಮ್ಮೆಯಂತೆ ಮೂರರಿಂದ ಐದು ಸಲ, ಪ್ರತಿ ಸಲ 2000 ಹೊಡೆತ ಕೊಡುವುದು ನಮ್ಮ ರೂಢಿ.

ಮೂರು ವಾರಗಳಿಂದ, ಬೆಳಗಿನ ಮೊದಲ ರೋಗಿಗೆ ಸರಿಯಾಗಿ ನಡೆಯುವ ಯಂತ್ರವು ಮೂರನೆಯವರ ಹೊತ್ತಿಗೆ ಹೊಡೆತ ತಪ್ಪಿಸತೊಡಗುತ್ತದೆ. ಟಕ್‌ಟಕ್ ಸದ್ದಿನ ಲಯ ಮುರಿಯುತ್ತದೆ, ಆದರೆ ಪರದೆಯ ಮೇಲಿನ 3 ಬಾರ್ (ಗಾಳಿಯ ಒತ್ತಡದ ಅಳತೆ) ಕದಲುವುದಿಲ್ಲ. 'ಇವತ್ತ ಮಷೀನ್ ಮೆತ್ತಗ ಬಡೀಲಿಕ್ಕತ್ತದ್ರಿ' ಎಂದು ರೋಗಿಯೊಬ್ಬರು ಹೇಳಿದಾಗ ನಾನು 4 ಬಾರ್‌ಗೆ ಏರಿಸಿದೆ. ನಡುವೆ ಒಮ್ಮೆಲೇ ಪೂರ್ಣ ಬಲದ ಹೊಡೆತಗಳು ಬಿದ್ದು ಅವರ ಹಿಮ್ಮಡಿಯ ಬದಿ ನೀಲಿಗಟ್ಟಿತು. ಮಾರಿದವರ ಎಂಜಿನಿಯರ್ ಹೈದರಾಬಾದಿನಿಂದ ಬರಬೇಕು. ಫೋನಿನಲ್ಲಿ ಅವರು ರೋಗಿಯ ಮೈಮೇಲೆ ಇಡುವ ಹಿಡಿಕೆಯನ್ನೇ ಬದಲಿಸಬೇಕು ಎನ್ನುತ್ತಾರೆ. ಅಷ್ಟು ಖರ್ಚು ಮಾಡುವ ಮೊದಲು ನಾವೇ ಪರೀಕ್ಷಿಸಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಆಸ್ಪತ್ರೆ ಉಪಕರಣಗಳ ವ್ಯಾಪಾರಿ, ಯಾದಗಿರಿ

ಎಲೆಕ್ಟ್ರೋಡ್ ಸವೆದಿರಬಹುದು. ಶಾಕ್‌ವೇವ್ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಬರುವ ದೋಷ.

ಉತ್ತರ: ಬಯೋಮೆಡಿಕಲ್ ತಂತ್ರಜ್ಞ, ಬೀದರ್

ಎಲೆಕ್ಟ್ರೋಡ್ ಇರುವುದು ನೀರಿನೊಳಗೆ ಕಿಡಿ ಹಾರಿಸಿ ಅಲೆಗಳನ್ನು ಒಂದೇ ಬಿಂದುವಿಗೆ ಸೇರಿಸುವ ಫೋಕಸ್ಡ್ ಯಂತ್ರಗಳಲ್ಲಿ. ಅವು 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ಬಾರಿಗೆ ರೋಗಿಯ ಮೂತ್ರಪಿಂಡದ ಕಲ್ಲನ್ನು ಒಡೆದ ಯಂತ್ರದ ವಂಶಕ್ಕೆ ಸೇರಿದವು. ರೇಡಿಯಲ್ ಯಂತ್ರದಲ್ಲಿ ಒತ್ತಿದ ಗಾಳಿಯು ಒಂದು ಲೋಹದ ಗುಂಡನ್ನು ನಳಿಕೆಯೊಳಗೆ ತಳ್ಳುತ್ತದೆ. ಗುಂಡು ತುದಿಯ ತಲೆಗೆ ಬಡಿಯುತ್ತದೆ. ಆ ಬಡಿತ ಚರ್ಮದ ಮೂಲಕ ಒಳಗೆ ಹರಡುತ್ತದೆ. ಆದ್ದರಿಂದ ಇದರ ದೋಷಗಳನ್ನು ಪಂಕ್ಚರ್ ಅಂಗಡಿಯ ಗಾಳಿ ಯಂತ್ರದ ದೋಷಗಳಂತೆ ಹುಡುಕಬೇಕು.

ಪರದೆಯ ಅಂಕಿಯನ್ನು ನಂಬಬೇಡಿ. ಅದು ಯಂತ್ರದೊಳಗಿನ ಗಾಳಿಯ ಒತ್ತಡವನ್ನು ತೋರಿಸುತ್ತದೆಯೇ ಹೊರತು ಗುಂಡು ಎಷ್ಟು ವೇಗದಿಂದ ಬಡಿಯಿತು ಎಂಬುದನ್ನಲ್ಲ. 15 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 15 ಹೊಡೆತದಂತೆ, ಒಂದು ಹೊಡೆತಕ್ಕೆ ಸಿಗುವ ಸಮಯ ಸುಮಾರು 67 ಮಿಲಿಸೆಕೆಂಡ್. ಅಷ್ಟರೊಳಗೆ ಕವಾಟ ತೆರೆದು, ಗುಂಡು ಹೋಗಿ, ಬಡಿದು, ಹಿಂದಿರುಗಬೇಕು. 5 ಹರ್ಟ್ಸ್‌ನಲ್ಲಿ ಅದಕ್ಕೆ 200 ಮಿಲಿಸೆಕೆಂಡ್ ಇರುತ್ತದೆ. ಒತ್ತಡ ಬದಲಿಸದೆ 5, 10, 15 ಹರ್ಟ್ಸ್‌ನಲ್ಲಿ ನಡೆಸಿ ನೋಡಿ. ಮೂರರಲ್ಲೂ ತಪ್ಪಿದರೆ ಗುಂಡು ಸಿಕ್ಕಿಕೊಳ್ಳುತ್ತಿದೆ. ಹೆಚ್ಚಿನ ವೇಗದಲ್ಲಿ ಮಾತ್ರ ತಪ್ಪಿದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ನಳಿಕೆಯಲ್ಲಿ ಘರ್ಷಣೆ ಹೆಚ್ಚಾಗಿ ಗುಂಡು ಹಿಂದಿರುಗಲು ತಡವಾಗುತ್ತಿದೆ. ಒಟ್ಟು ಹೊಡೆತಗಳ ಎಣಿಕೆ, ಕಂಪ್ರೆಸರ್ ಇರುವ ಜಾಗ ಮತ್ತು ಯಂತ್ರ ಓಡುವಾಗಿನ ವೋಲ್ಟೇಜ್ ತಿಳಿಸಿ.

ಪ್ರಶ್ನೆ ಕೇಳಿದವರು

5ರಲ್ಲಿ ಒಂದೂ ತಪ್ಪಲಿಲ್ಲ, 10ರಲ್ಲಿ ಆಗೊಮ್ಮೆ ಈಗೊಮ್ಮೆ ತಪ್ಪಿತು, 15ರಲ್ಲಿ ಲಯವೇ ಉಳಿಯಲಿಲ್ಲ. ಎಣಿಕೆ 22 ಲಕ್ಷ ದಾಟಿದೆ. ಹಿಡಿಕೆಯನ್ನು ಒಮ್ಮೆಯೂ ಬಿಚ್ಚಿಲ್ಲ. ಸದ್ದು ತಾಳಲಾರದೆ ಕಂಪ್ರೆಸರನ್ನು ಹಿಂದಿನ ಓಣಿಗೆ ಸಾಗಿಸಿದ್ದೆ. ಅದಕ್ಕೆ ಹೊಂದಿಕೊಂಡೇ ಶಹಾಬಾದ್ ಕಲ್ಲು ಕೊಯ್ಯುವ ಅಂಗಡಿ ಇದೆ. ಸಂಜೆ ವೋಲ್ಟೇಜ್ 190ಕ್ಕೆ ಇಳಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ನಳಿಕೆಗೆ ಎರಡು ಹನಿ ಬಿಡುವಂತೆ ಸ್ನೇಹಿತರೊಬ್ಬರು ಹೇಳಿದ್ದಾರೆ.

ಉತ್ತರ: ಬಯೋಮೆಡಿಕಲ್ ತಂತ್ರಜ್ಞ, ಬೀದರ್

ಎಣ್ಣೆ ಬೇಡವೇ ಬೇಡ. ಗುಂಡು ಒಣ ನಳಿಕೆಯಲ್ಲಿಯೇ ಓಡಬೇಕು. ಸವೆದ ಲೋಹದ ಪುಡಿಯು ಎಣ್ಣೆಯೊಂದಿಗೆ ಸೇರಿದರೆ ಹರಳೆಣ್ಣೆ ದೀಪದ ಕಾಡಿಗೆಯಂಥ ಕೆಸರಾಗುತ್ತದೆ.

ನಿಮ್ಮ ವಿವರಗಳಲ್ಲಿಯೇ ಮೂರು ಕಾರಣಗಳಿವೆ. ಅನೇಕ ಯಂತ್ರಗಳಲ್ಲಿ ಗುಂಡು, ನಳಿಕೆ, ರಬ್ಬರ್ ಉಂಗುರಗಳನ್ನು ಸುಮಾರು 10 ಲಕ್ಷ ಹೊಡೆತಗಳಿಗೊಮ್ಮೆ ಬದಲಿಸಬೇಕಾಗುತ್ತದೆ. ನಿಮ್ಮದು ಎರಡು ಸರದಿ ತಪ್ಪಿಸಿದೆ. ಕಲ್ಲಿನ ಧೂಳು ಗಾಳಿ ಫಿಲ್ಟರನ್ನು ಕಟ್ಟಿಸಿರುತ್ತದೆ. ವೋಲ್ಟೇಜ್ ಕುಸಿದಾಗ ಮೋಟರ್ ಬಿಸಿಯಾಗುತ್ತದೆ, ಗಾಳಿ ತುಂಬುವುದು ನಿಧಾನವಾಗುತ್ತದೆ. ಇವುಗಳ ಮೇಲೆ ಮಳೆಗಾಲವೂ ಇದೆ: ತೇವದ ಗಾಳಿಯನ್ನು ಒತ್ತಿ ತಣಿಸಿದಾಗ ನೀರು ಕಂಪ್ರೆಸರ್‌ನ ಗಾಳಿ ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ, ಹೆಚ್ಚಾದರೆ ಕೊಳವೆಯ ಮೂಲಕ ಹಿಡಿಕೆಗೂ ಬರುತ್ತದೆ.

ಯಂತ್ರ ಆರಿಸಿ, ಪ್ಲಗ್ ಕಿತ್ತು, ಒತ್ತಡವನ್ನೆಲ್ಲ ಹೊರಬಿಟ್ಟ ನಂತರವೇ ಕೈಹಾಕಿ. ತೊಟ್ಟಿಯ ತಳದ ತಿರುಪು ಸಡಿಲಿಸಿ ನೀರು ಬಸಿಯಿರಿ. ಹಿಡಿಕೆಯ ತಲೆಯನ್ನು ತಿರುಗಿಸಿ ತೆಗೆದು ಗುಂಡನ್ನು ಹೊರಗೆ ಜಾರಿಸಿ, ನಳಿಕೆಯನ್ನು ಸ್ಪಿರಿಟ್ ಮತ್ತು ಯಂತ್ರದ ಜೊತೆ ಬಂದ ಬ್ರಷ್‌ನಿಂದ ತಿಕ್ಕಿ, ಪೂರ್ತಿ ಒಣಗಿಸಿ. ಗುಂಡಿನ ಮುಖ ಅಣಬೆಯಂತೆ ಅಂಚು ಬಿಟ್ಟಿದ್ದರೆ ಅದನ್ನು ಉಜ್ಜಿ ಸರಿಪಡಿಸಲು ಹೋಗಬೇಡಿ. ತೂಕವೂ ಉದ್ದವೂ ಬದಲಾಗುತ್ತವೆ. ಕೆಲವು ಹಿಡಿಕೆಗಳನ್ನು ಬಿಚ್ಚಿದರೆ ವಾರಂಟಿ ಹೋಗುತ್ತದೆ, ಆದ್ದರಿಂದ ಕೈಪಿಡಿಯನ್ನು ಮೊದಲು ಓದಿ.

ಪ್ರಶ್ನೆ ಕೇಳಿದವರು, ಒಂಬತ್ತು ದಿನಗಳ ನಂತರ

ತೊಟ್ಟಿಯಿಂದ ಒಂದು ಚಹಾ ಲೋಟದಷ್ಟು ಕಂದು ನೀರು ಬಂತು. ಫಿಲ್ಟರ್ ಕಲ್ಲಿನ ಬಣ್ಣಕ್ಕೇ ತಿರುಗಿತ್ತು. ಚಿಕಿತ್ಸೆಗೆ ಮೊದಲು ಚರ್ಮಕ್ಕೆ ಹಚ್ಚುವ ಜೆಲ್ ಹಿಡಿಕೆಯ ತಲೆಯ ಸುತ್ತಿನಿಂದ ಒಳಗೆ ನುಸುಳಿ, ಒಣಗಿ ನಳಿಕೆಯ ಬಾಯಲ್ಲಿ ಕಪ್ಪು ಪದರವಾಗಿತ್ತು. ಇದನ್ನು ನಾನು ಊಹಿಸಿಯೇ ಇರಲಿಲ್ಲ. ಶುಚಿ ಮಾಡಿದ ದಿನವೇ 10 ಹರ್ಟ್ಸ್ ಸರಿಹೋಯಿತು. 15ರಲ್ಲಿ ಅರ್ಧ ಗಂಟೆಯ ನಂತರ ಮತ್ತೆ ತಪ್ಪುತ್ತಿತ್ತು. ಗುಂಡು, ನಳಿಕೆ, ಉಂಗುರಗಳ ಕಿಟ್ ತರಿಸಿ ಹಾಕಿದ ಮೇಲೆ ಅದೂ ನಿಂತಿತು. ಕಂಪ್ರೆಸರ್ ಈಗ ಒಳಕೋಣೆಯಲ್ಲಿದೆ, ಸ್ಟೆಬಿಲೈಸರ್ ಸೇರಿಸಿದ್ದೇನೆ, ಸದ್ದನ್ನು ಸಹಿಸಿಕೊಳ್ಳುತ್ತಿದ್ದೇವೆ. ಹಿಡಿಕೆ ಹಳೆಯದೇ.

ಇನ್ನೊಂದು ಸಂದೇಹವಿದೆ. ತೊಗರಿ ರಾಶಿಯ ಕೆಲಸದಿಂದ ಭುಜ ನೋವು ತಂದುಕೊಂಡ ಮಹಿಳೆಯೊಬ್ಬರಿಗೆ ಈ ಮೂರು ವಾರಗಳಲ್ಲಿ ಮೂರು ಸಲ ಚಿಕಿತ್ಸೆ ಕೊಟ್ಟಿದ್ದೇನೆ. ಅವನ್ನು ಲೆಕ್ಕಕ್ಕೆ ಹಿಡಿಯಬೇಕೇ?

ಉತ್ತರ: ಹಿರಿಯ ಫಿಸಿಯೋಥೆರಪಿಸ್ಟ್, ಕಲಬುರಗಿ

ಎಷ್ಟು ಬಲ ತಲುಪಿತೆಂದು ನಿಮಗೇ ಗೊತ್ತಿಲ್ಲದ ಚಿಕಿತ್ಸೆಯನ್ನು ಲೆಕ್ಕ ಹಿಡಿಯಬೇಡಿ. ಅವರಿಗೆ ವಿಷಯ ತಿಳಿಸಿ, ಹೊಸದಾಗಿ ಆರಂಭಿಸಿ, ಸಾಧ್ಯವಾದರೆ ಆ ಮೂರರ ಹಣ ಬಿಡಿ. ಕೆಟ್ಟ ಯಂತ್ರದಲ್ಲಿ ಹೆಚ್ಚಿನ ಒತ್ತಡ ತಡೆದುಕೊಂಡವರೆಂದು ಅಲ್ಲಿಂದಲೇ ಶುರು ಮಾಡಬೇಡಿ. 1.5 ಬಾರ್‌ನಿಂದ ಆರಂಭಿಸಿ, ಅವರ ಮುಖ ನೋಡುತ್ತಾ ಏರಿಸಿ. ನಡುವೆ ಯಾರಾದರೂ ಆ ಭುಜಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದಾರೆಯೇ, ರಕ್ತ ತೆಳುವಾಗಿಸುವ ಮಾತ್ರೆ ಶುರುವಾಗಿದೆಯೇ ಎಂದು ಮತ್ತೊಮ್ಮೆ ಕೇಳಿ. ನೀಲಿಗಟ್ಟಿದ ಹಿಮ್ಮಡಿಯವರಿಗೆ ಕಲೆ ಪೂರ್ತಿ ಮಾಯುವವರೆಗೆ ಆ ಜಾಗದ ಮೇಲೆ ಹಿಡಿಕೆ ಇಡಬೇಡಿ.

ಪ್ರಶ್ನೆ ಕೇಳಿದವರು

ಹಾಗೆಯೇ ಮಾಡುತ್ತೇನೆ. ಎಣಿಕೆ 32 ಲಕ್ಷ ಮುಟ್ಟುವ ಮೊದಲು ಮುಂದಿನ ಕಿಟ್ ತರಿಸಬೇಕೆಂದು ಕಂಪ್ರೆಸರ್ ಮೇಲೆಯೇ ಚೀಟಿ ಅಂಟಿಸಿದ್ದೇನೆ.