ಹೊಗೆ, ಲಿವರ್ ಮತ್ತು ಮಾವ ಕಳಿಸಿದ ಫಾರ್ವರ್ಡು

ಮಾವ, ಬೆಳಗ್ಗೆ ನೀವು ಹಾಕಿದ ಫಾರ್ವರ್ಡ್ ನೋಡಿದೆ. ಊರಿನ ಹೊಗೆ ಕುಡಿದೋರಿಗೆ ಲಿವರ್ ಕ್ಯಾನ್ಸರ್ 26% ಜಾಸ್ತಿ, ದಿನಾ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ತೊಳ್ಕೊಳ್ಳಿ ಅಂತ ಇದೆ. ಕೆಳಗೆ ಅತ್ತೆ, ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳ ನಡುವೆಯೇ ಇಷ್ಟು ವರ್ಷ ಕಳೆದ್ವಲ್ಲ, ಈಗೇನು ಗತಿ ಅಂತ ಕೇಳಿದಾರೆ. ಸ್ವಲ್ಪ ಉದ್ದ ಆಗುತ್ತೆ, ಕೆಲಸ ಮಾಡ್ಕೊಂಡೇ ಕೇಳಿ.

ಹೊಗೆಗೂ ಲಿವರ್‌ಗೂ ನಂಟಿದೆ ಅನ್ನೋದು ಸುಳ್ಳಲ್ಲ. ಪಿಎಂ 2.5 ಅಂತಾರಲ್ಲ, ಆ ಧೂಳು ಕೂದಲಿನ ದಪ್ಪದ ಮೂವತ್ತನೇ ಒಂದು ಭಾಗದಷ್ಟಿರುತ್ತೆ. ಅದರಲ್ಲೂ ತೀರಾ ಸಣ್ಣ ಕಣಗಳು ಶ್ವಾಸಕೋಶ ದಾಟಿ ರಕ್ತಕ್ಕೆ ಇಳೀತಾವೆ. ಲಿವರಿನ ಕಾವಲು ಕೋಶಗಳು ಅವನ್ನ ನುಂಗಿ ಕೆರಳ್ತಾವೆ. ವರ್ಷಗಟ್ಟಲೆ ಹೀಗೇ ಉರಿಯೂತ ಇದ್ರೆ ಕೋಶ ಸಾಯೋದು, ಹೊಸದು ಹುಟ್ಟೋದು ನಡೀತಾನೇ ಇರುತ್ತೆ, ಕ್ಯಾನ್ಸರ್‌ಗೆ ದಾರಿ ಆಗೋದು ಅಲ್ಲೇ. ತೈವಾನ್‌ನಲ್ಲಿ 23,820 ಜನರನ್ನ ಸುಮಾರು 17 ವರ್ಷ ಗಮನಿಸಿದ ಅಧ್ಯಯನ 2016ರಲ್ಲಿ ಬಂತು. ಧೂಳು ಜಾಸ್ತಿ ಇದ್ದ ಕಡೆ ಲಿವರ್ ಕ್ಯಾನ್ಸರೂ ಜಾಸ್ತಿ, ಲಿವರ್ ಕೋಶ ಕೆಟ್ಟಾಗ ರಕ್ತಕ್ಕೆ ಸೋರೋ ಎಸ್‌ಜಿಪಿಟಿ ಅನ್ನೋ ಕಿಣ್ವನೂ ಜಾಸ್ತಿ. ಆದ್ರೆ ಡೆನ್ಮಾರ್ಕ್, ಆಸ್ಟ್ರಿಯಾ, ಇಟಲಿಯ 2017ರ ಅಧ್ಯಯನ ಅದೇ ಕಡೆ ಬೆರಳು ತೋರಿಸಿದ್ರೂ ಗಟ್ಟಿಯಾಗಿ ಹೇಳೋಕೆ ಆಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2013ರಲ್ಲಿ ಹೊರಗಿನ ಗಾಳಿಯ ಮಾಲಿನ್ಯ ಕ್ಯಾನ್ಸರ್‌ಕಾರಕ ಅಂತ ಘೋಷಿಸಿದ್ದು ಶ್ವಾಸಕೋಶದ ಕ್ಯಾನ್ಸರ್ ಪುರಾವೆ ಮೇಲೆ, ಲಿವರ್ ಮೇಲೆ ಅಲ್ಲ.

ಇನ್ನು ಆ 26%. ಅದು ಅಮೆರಿಕದ 2018ರ ಅಧ್ಯಯನದ್ದು, ಪ್ರತಿ ಘನ ಮೀಟರ್ ಗಾಳೀಲಿ ಧೂಳು 10 ಮೈಕ್ರೋಗ್ರಾಂ ಏರಿದ್ರೆ ಅನ್ನೋ ಲೆಕ್ಕ. ನಮ್ಮ ದೇಶದಲ್ಲಿ ಲಿವರ್ ಕ್ಯಾನ್ಸರ್ ವರ್ಷಕ್ಕೆ ಲಕ್ಷ ಜನರಲ್ಲಿ ಮೂವರ ಆಸುಪಾಸು. ಮೂರಕ್ಕೆ 26% ಸೇರಿಸಿದ್ರೆ ನಾಲ್ಕೂ ಆಗಲ್ಲ. ಅತ್ತೆ, ನಿದ್ದೆಗೆಡೋ ಅಷ್ಟೇನಿಲ್ಲ.

ಆದ್ರೆ ಲಿವರ್ ಮೊದಲೇ ಸೋತಿದ್ರೆ ಈ ಮೂರರ ಲೆಕ್ಕ ನಡೆಯಲ್ಲ. ಹೆಪಟೈಟಿಸ್ ಬಿ, ಸಿ, ಕುಡಿತ, ಸಕ್ಕರೆ ಕಾಯಿಲೆ ಜೊತೆಗಿನ ಫ್ಯಾಟಿ ಲಿವರ್, ಬೂಷ್ಟು ಹಿಡಿದ ಕಡಲೇಕಾಯಿ ಜೋಳದ ವಿಷ, ಇವು ದೊಡ್ಡ ಕಾರಣಗಳು. ಹೊಗೆ ಇವುಗಳ ಬೆನ್ನ ಮೇಲೆ ಕೂರುತ್ತೆ. ತೈವಾನ್‌ನಲ್ಲೇ 1984ರಿಂದ ಹಸುಗೂಸುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿದ ಮೇಲೆ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳೀತು. ಹಾಗಾಗಿ ನಮ್ಮ ಮನೇಲಿ ದೊಡ್ಡವರೆಲ್ಲ ಒಂದು ಸಲ ಹೆಪಟೈಟಿಸ್ ಬಿ ಇದೆಯಾ ಅಂತ ತಿಳಿಸೋ ಎಚ್‌ಬಿಎಸ್‌ಎಜಿ ರಕ್ತಪರೀಕ್ಷೆ ಮಾಡಿಸಿ. ನೆಗೆಟಿವ್ ಬಂದು ಲಸಿಕೆನೂ ಆಗಿಲ್ಲ ಅಂದ್ರೆ ಮೂರು ಡೋಸು: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಎರಡು ಹಾಕಿಸ್ಕೊಂಡು ಮೂರನೇದು ಮರೆಯೋರೇ ಜಾಸ್ತಿ, ಕ್ಯಾಲೆಂಡರ್ ಮೇಲೆ ಬರೆದಿಡಿ. ಪಾಸಿಟಿವ್ ಬಂದ್ರೆ ವೈರಸ್ ಎಷ್ಟಿದೆ ಅಂತ ಡಿಎನ್‌ಎ ಪರೀಕ್ಷೆ, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡೋ ಫೈಬ್ರೋಸ್ಕ್ಯಾನ್ ಆಗ್ಬೇಕು, ಮನೆಯವರೆಲ್ಲ ಪರೀಕ್ಷೆ ಮಾಡಿಸ್ಕೋಬೇಕು. ಪಾಸಿಟಿವ್ ಬಂದವರಲ್ಲಿ 40 ದಾಟಿದ ಗಂಡಸರಿಗೆ, 50 ದಾಟಿದ ಹೆಂಗಸರಿಗೆ, ಸಿರೋಸಿಸ್, ಅಂದ್ರೆ ಲಿವರ್ ಗಾಯದ ಕಲೆಗಳಿಂದ ಗಟ್ಟಿಯಾಗಿದ್ರೆ ಯಾವ ವಯಸ್ಸಿಗಾದ್ರೂ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್. ಎಸ್‌ಜಿಪಿಟಿ ನಾರ್ಮಲ್ ಇದೆ ಅಂತ ಇದನ್ನ ಬಿಡಬೇಡಿ, ಸಿರೋಸಿಸ್‌ನಲ್ಲೂ ಅದು ನಾರ್ಮಲ್ ಇರಬಹುದು.

ಬೀದಿ ಹೊಗೆ ನಮ್ಮ ಕೈಲಿಲ್ಲ, ಮನೇದು ಇದೆ. ಬಚ್ಚಲ ಹಂಡೆ ಒಲೆಗೆ ಪ್ಲಾಸ್ಟಿಕ್ ಕವರ್ ತುರುಕೋದು ಮೊದಲು ನಿಲ್ಲಿಸಿ. ಸೊಳ್ಳೆ ಬತ್ತಿ ಹಚ್ಚಿ ಕಿಟಕಿ ಮುಚ್ಚೋದು ಬೇಡವೇ ಬೇಡ. 2003ರ ಒಂದು ಅಧ್ಯಯನದ ಪ್ರಕಾರ ಒಂದೇ ಬತ್ತಿ ಉಗುಳೋ ಸಣ್ಣ ಧೂಳು 75ರಿಂದ 137 ಸಿಗರೇಟಿಗೆ ಸಮ! ಸೊಳ್ಳೆ ಪರದೆ ಕಟ್ಟಿ. ಅಡುಗೆಮನೆ ಎಕ್ಸಾಸ್ಟ್ ಫ್ಯಾನ್ ಪಕ್ಕದ ಕಿಟಕಿ ತೆಗೆದಿಟ್ರೆ ಅದು ಅಲ್ಲಿನ ಗಾಳಿನೇ ಎಳೆದು ಹೊರಗೆ ಹಾಕುತ್ತೆ, ಒಗ್ಗರಣೆ ಹೊಗೆ ಒಳಗೇ ಉಳಿಯುತ್ತೆ. ಎದುರು ಗೋಡೆ ಕಿಟಕಿನೋ ಬಾಗಿಲೋ ತೆಗೀರಿ, ಅಡುಗೆ ಮುಗಿದ ಮೇಲೂ ಹತ್ತು ನಿಮಿಷ ಫ್ಯಾನ್ ಓಡಲಿ.

ಗಾಳಿ ಗುಣಮಟ್ಟ ತೋರಿಸೋ ಆ್ಯಪ್‌ನಲ್ಲಿ ಹಸಿರು ಬಣ್ಣ ನೋಡಿ ಸಮಾಧಾನ ಪಟ್ಕೋಬೇಡಿ. ನಮ್ಮ ದೇಶದ ಸೂಚ್ಯಂಕದಲ್ಲಿ 50 ಅಂದ್ರೆ ಧೂಳು 30 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ದಿನಕ್ಕೆ ಹೇಳಿದ ಮಿತಿ 15, ವರ್ಷದ ಸರಾಸರಿಗೆ 5. ಭಾರತದ ವಾರ್ಷಿಕ ಮಿತಿಯೇ 40. ಟ್ರಾಫಿಕ್‌ನಲ್ಲಿ ಗಾಡಿ ಓಡಿಸೋರು ಎನ್‌95 ಹಾಕಿ, ತಲೆ ಹಿಂದೆ ಎರಡು ಪಟ್ಟಿ ಬರೋದು. ಗಡ್ಡ ಇದ್ರೆ ಪಕ್ಕದಿಂದ ಸೋರುತ್ತೆ, ಸೋಪಲ್ಲಿ ಒಗೆದ್ರೆ ಧೂಳು ಹಿಡಿಯೋ ಶಕ್ತಿನೇ ಹೋಗುತ್ತೆ.

ಕಷಾಯದ ವಿಷಯ. ಲಿವರ್ ತೊಳೆಯೋ ಔಷಧಿ ಅಂತ ಯಾವುದೂ ಇಲ್ಲ ಮಾವ. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಸೇವಿಸಿದವರಲ್ಲೇ ಲಿವರ್ ಹಾನಿ ಕಂಡ ಪ್ರಕರಣಗಳನ್ನ ಪ್ರಕಟಿಸಿದ್ರು. ಕೇಂದ್ರದ ಆಯುಷ್ ಸಚಿವಾಲಯ ಅದನ್ನ ಒಪ್ಪಲಿಲ್ಲ, ನಿಜ. ಆದ್ರೂ ಕ್ಯಾನ್ಸರ್ ತಡೆಯೋಕೆ ಅಂತ ದಿನಾ ಕುಡಿಯೋಕೆ ಕಾರಣವೇ ಇಲ್ಲ. ಈಗಾಗಲೇ ಕುಡೀತಿರೋರಿಗೆ ಕಣ್ಣು ಹಳದಿ ಆದ್ರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದ್ರೆ, ಊಟ ಸೇರದೇ ಹೋದ್ರೆ ಅವತ್ತೇ ನಿಲ್ಲಿಸಿ ಎಲ್‌ಎಫ್‌ಟಿ ಅನ್ನೋ ಲಿವರ್ ರಕ್ತಪರೀಕ್ಷೆ ಮಾಡಿಸಿ. ಡಾಕ್ಟರ್ ಹತ್ರ ಹೋಗುವಾಗ ಆ ಪುಡಿ ಪ್ಯಾಕೆಟ್ಟೂ ತಗೊಂಡು ಹೋಗಿ ತೋರಿಸಿ.